ಹಲಸಿನ ಮಣೆಯೂ ಸೇದದ ಬೀಡಿಯೂ

ನಾನು ಬೀಡಿ ಬಿಟ್ಟು ವರ್ಷಗಳೇ ಆದವು. ಈ ಮಾತು ಪೂರ್ತಿ ನಿಜ. ಆದರೂ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಡತಿಯ ಎದುರು ತಲೆ ತಗ್ಗಿಸಿ ನಿಂತು, "ಹೌದು, ಒಂದು ಸೇದಿದೆ" ಎಂದು ಒಪ್ಪಿಕೊಂಡೆ. ಮಾಡಿದ ತಪ್ಪನ್ನು ಇಲ್ಲವೆಂದು ಹೇಳಿ ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಮಾಡದ ತಪ್ಪನ್ನು ಒಪ್ಪಿಕೊಂಡು ಸಿಕ್ಕಿಬಿದ್ದವನು ನಮ್ಮೂರು ಭಾವಿಕೇರಿಯಲ್ಲಿ ನಾನೊಬ್ಬನೇ ಇರಬೇಕು. ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತಾರೆ. ನೋಡೋಣ.

ಎಲ್ಲದಕ್ಕೂ ಮೂಲ ಒಂದು ಹಲಸಿನ ಹಲಗೆ. ಹೆಂಡತಿಯ ತವರುಮನೆ ಬಾಳೆಗುಳಿಯ ಹತ್ತಿರ ಹೆದ್ದಾರಿಗೆ ತಾಗಿಯೇ ಇತ್ತು. ರಸ್ತೆ ಅಗಲವಾದಾಗ ಮನೆ ಹೋಯಿತು. ಅವಳ ತಮ್ಮ ಶೆಟಗೇರಿಯಲ್ಲಿ ಹೊಸ ಮನೆ ಕಟ್ಟಿಕೊಂಡ. ಹಳೆಯ ಮನೆ ಒಡೆಯುವ ದಿನ ಅವನು ಹೆಂಚು, ತೊಲೆ ಎಂದು ಓಡಾಡುತ್ತಿದ್ದರೆ, ಇವಳು ಮುಂಬಾಗಿಲಿನ ಒಂದು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಯಾರು ಕೇಳಿದರೂ ಬಿಡಲಿಲ್ಲ. ಕೊನೆಗೆ ರಿಕ್ಷಾದ ಮೇಲೆ ಕಟ್ಟಿಸಿ ಮನೆಗೆ ತಂದಳು. ಆ ಬಾಗಿಲು ದಾಟಿಯೇ ಅವಳು ಮದುಮಗಳಾಗಿ ಹೊರಗೆ ಬಂದದ್ದು. ಈಗ ಆ ಮನೆಯದೆಂದು ಉಳಿದಿರುವುದು ಅದೊಂದೇ.

ಕಳೆದ ವರ್ಷ ಅವಳ ಆ ತಮ್ಮನ ಮಗಳ ಮದುವೆ ಗೊತ್ತಾಯಿತು. ತುಳಸಿ ಪೂಜೆ ಕಳೆದ ಮೇಲಿನ ಮುಹೂರ್ತ. ಹೆಂಡತಿ ಆ ಹಲಗೆಯನ್ನು ತೋರಿಸಿ, "ಇದರಲ್ಲಿ ಹುಡುಗಿಗೆ ಹಸೆಮಣೆ ಮಾಡಿ ಕೊಡ್ತ್ರಾ?" ಎಂದು ಕೇಳಿದಳು. "ಬಾಗಿಲು ದಾಟಿ ಹೋಗೂಕೆ ಬಾಗಿಲೇ ಇಲ್ಲ. ಅದರ ಮೇಲೆ ಕೂತಾದ್ರೂ ಹೋಗ್ಲಿ."

ಬದುಕಿನಲ್ಲಿ ಅವಳು ನನ್ನ ಕೆಲಸವನ್ನು ನಂಬಿ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ನಾನು ಉಬ್ಬಿದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರವಾರದ ಒಂದು ಕಚೇರಿಯಲ್ಲಿ ದಫ್ತರಿಯಾಗಿ ಕೆಲಸ ಮಾಡಿದವನು. ಕಡತ ಕಟ್ಟುವುದು, ರಟ್ಟು ಹಾಕುವುದು, ಅಂಟು ಬೇಯಿಸುವುದು. ಮೈದಾ ಹಿಟ್ಟಿಗೆ ಚೂರು ಮೈಲುತುತ್ತ ಹಾಕಿ ಜಿರಲೆ ಮುಟ್ಟದಂತೆ ಅಂಟು ಮಾಡುವುದರಲ್ಲಿ ನನ್ನದು ಹೆಸರಾದ ಕೈ. ಹಾಗಾಗಿ ಅಂಟಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಭಾವನೆ ಎಲುಬಿನವರೆಗೂ ಇಳಿದಿತ್ತು. ನಿವೃತ್ತನಾದ ಮೇಲೆ ದನವಿಲ್ಲದ ಕೊಟ್ಟಿಗೆಯನ್ನು ಮರಗೆಲಸದ ಜಾಗ ಮಾಡಿಕೊಂಡೆ. ಸ್ಟೂಲು, ದೇವರ ಪೀಠ, ಯಾರೂ ಕೂರದ ಒಂದು ಕುರ್ಚಿ ಇಷ್ಟು ಅಲ್ಲಿಂದ ಹೊರಬಿದ್ದಿದ್ದವು.

ಹಲಗೆಯ ಉದ್ದಕ್ಕೂ ಬೆರಳು ಹೋಗುವಷ್ಟು ಅಗಲದ ಬಿರುಕು. ಬದಿಯಲ್ಲಿ ಅಗಳಿ ಇದ್ದ ಕಡೆ ತೂತು. ಬುದ್ಧಿ ಇದ್ದವನು ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ ಮುಗಿಸುತ್ತಿದ್ದ. ನಾನು ಮೊಬೈಲಿನಲ್ಲಿ ವಿಡಿಯೊ ನೋಡಿದ್ದೆ. ಎಲ್ಲೋ ಒಬ್ಬ ಮರದ ಬಿರುಕಿಗೆ ಎಪಾಕ್ಸಿ ರೆಸಿನ್ ಎಂಬ ಅಂಟುದ್ರವ ಸುರಿದರೆ ಅದು ಗಾಜಿನ ಹಾಗೆ ಹೊಳೆಯುತ್ತದೆ, ಒಳಗೆ ಹೊಳೆ ಹರಿದ ಹಾಗೆ ಕಾಣುತ್ತದೆ. ನನಗೂ ಹೊಳೆ ಬೇಕಾಯಿತು.

ಕಾರವಾರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವನು ಕೊಂಕಣಿ ಮನೆಮಾತಿನವ, ನನ್ನ ಮಗನ ವಯಸ್ಸು. ಎರಡು ಡಬ್ಬಿ ಮುಂದಿಟ್ಟ. ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡನರ್.

"ಮಾಮಾ, ಎರಡು ಪಾಲು ಇದು, ಒಂದು ಪಾಲು ಅದು. ಅಳತೆ ತಪ್ಪೂಕಾಗೂದಿಲ್ಲ. ಒಂದೇ ಸಲ ಜಾಸ್ತಿ ಕಲಸ್ಬೇಡಿ, ಬಿಸಿ ಆಗ್ತದೆ. ಕಿಟಕಿ ಬಾಗಿಲು ತೆರೆದಿಟ್ಕಳ್ಳಿ. ಕೈಗೆ ಈ ಗ್ಲೌಸು, ಮುಖಕ್ಕೆ ಈ ಮಾಸ್ಕು."

ಮಾಸ್ಕಿಗೆ ಎರಡು ಕಡೆ ಗುಂಡನೆಯ ಡಬ್ಬಿಗಳಿದ್ದವು. ಹಾಕಿಕೊಂಡರೆ ದೊಡ್ಡ ಕಪ್ಪೆಯ ಹಾಗೆ ಕಾಣುತ್ತಿದ್ದೆನೇನೋ.

"ಮಾಸ್ಕು ಬೇಡ," ಎಂದೆ. "ಕೊರೊನಾದ್ದು ಮನೇಲಿ ರಾಶಿ ಅದೆ."

"ಅದು ಬಟ್ಟೆ ಮಾಮಾ. ಇದರ ಘಾಟು ಅದು ತಡಿಯೂದಿಲ್ಲ."

"ನಾ ಅಂಟು ಕಾಸೂಕೆ ಶುರು ಮಾಡಿದಾಗ ನೀ ಹುಟ್ಟಿರಲಿಲ್ಲ."

"ಹುಟ್ಟಿರಲಿಲ್ಲ, ಖರೆ. ಗ್ಲೌಸಾದ್ರೂ ತಕಂಡು ಹೋಗಿ."

ಗ್ಲೌಸು ತಂದೆ. ಮನೆಗೆ ಬಂದು ಅದನ್ನು ಹೆಂಡತಿಗೆ ಮೆಣಸಿನಕಾಯಿ ಹೆಚ್ಚುವುದಕ್ಕೆ ಕೊಟ್ಟೆ. ಅವಳು ಬಹಳ ಸಂತೋಷಪಟ್ಟಳು.

ಸುರಿಯುವ ದಿನ ಬೆಳಗಿನಿಂದ ಜಿನುಗುಮಳೆ. ಹಲಗೆ ಒದ್ದೆಯಾಗಬಾರದು, ಧೂಳು ಬೀಳಬಾರದು ಎಂದು ಕೊಟ್ಟಿಗೆಯ ಕಿಟಕಿ ಬಾಗಿಲು ಎಲ್ಲ ಮುಚ್ಚಿದೆ. ಅಂಗಡಿಯವನು ಹೇಳಿದ್ದು ನೆನಪಿತ್ತು. ಆದರೆ ಅವನಿಗೆ ಭಾವಿಕೇರಿಯ ಮಳೆ ಗೊತ್ತಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಬಿರುಕಿನ ತಳಕ್ಕೆ ಟೇಪು ಅಂಟಿಸಿದೆ. ಐಸ್‌ಕ್ರೀಮಿನ ದೊಡ್ಡ ಡಬ್ಬದಲ್ಲಿ ಎರಡು ಪಾಲು ರೆಸಿನ್, ಒಂದು ಪಾಲು ಹಾರ್ಡನರ್ ಹಾಕಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೆ ನನಗೆ ಬೇಲೇಕೇರಿಯ ದಂಡೆ ನೆನಪಾಯಿತು. ಮೀನುಗಾರಿಕೆಗೆ ನಿಷೇಧ ಇರುವ ಮಳೆಯ ತಿಂಗಳುಗಳಲ್ಲಿ ಅಲ್ಲಿ ಫೈಬರ್ ದೋಣಿಗಳನ್ನು ತಾಡಪತ್ರಿಯ ಅಡಿಯಲ್ಲಿ ಮಗುಚಿ ಹಾಕಿ ರಿಪೇರಿ ಮಾಡುತ್ತಾರೆ. ನಾನು ಸಂಜೆ ತಿರುಗಾಡಲು ಹೋದವನು ಗಂಟೆಗಟ್ಟಲೆ ಕೂತು ನೋಡಿದ್ದೇನೆ. ಅವರೂ ಡಬ್ಬದಲ್ಲಿ ರೆಸಿನ್ನನ್ನೇ ಕಲಸುತ್ತಾರೆ. ಮೋಡ ಮುಚ್ಚಿ ತಂಪಾದ ದಿನ ಸಣ್ಣ ಬಾಟಲಿಯಿಂದ ನಾಲ್ಕು ಹನಿ ಹೆಚ್ಚು ಹಾಕುತ್ತಾರೆ, ಬೇಗ ಹಿಡಿಯಲಿ ಎಂದು. ಹಿಡಿಯುತ್ತದೆ ಕೂಡ. ಅಂಗಡಿಯವನಿಗೆ ಗೊತ್ತಿಲ್ಲದ ಈ ಗುಟ್ಟು ನನಗೆ ಗೊತ್ತಲ್ಲ ಎಂಬ ಖುಷಿಯಲ್ಲಿ ಹಾರ್ಡನರ್ ನಾಲ್ಕು ಹನಿ ಹೆಚ್ಚು ಹಾಕಿದೆ. ಇಷ್ಟು ಮಳೆಗೆ ನಾಲ್ಕು ಹನಿ ಸಾಲುತ್ತದೆಯೇ ಎನಿಸಿತು. ಇನ್ನಷ್ಟು ಹಾಕಿದೆ. ಡಬ್ಬಿಯಲ್ಲಿ ಉಳಿದದ್ದು ಇಟ್ಟು ಏನು ಮಾಡುವುದು ಎಂದು ಅದನ್ನೂ ಸುರಿದೆ. ಬರಿಗೈಯಲ್ಲಿ ಹಿಡಿದ ಬಿದಿರು ಕಡ್ಡಿಯಲ್ಲಿ, ಮೈದಾ ಅಂಟು ತಿರುಗಿಸುವ ಹಾಗೆ ರಭಸದಿಂದ ತಿರುಗಿಸಿದೆ. ಮೊಣಕೈವರೆಗೂ ಸಿಡಿಯಿತು. ಒರೆಸಲು ಬಟ್ಟೆ ಹುಡುಕಿ, ಸಿಗದೆ, ಸೀಮೆಎಣ್ಣೆಯಲ್ಲಿ ತೊಳೆದುಕೊಂಡೆ.

ಬಿರುಕಿಗೆ ಸುರಿದೆ. ನಿಜ ಹೇಳಬೇಕೆಂದರೆ ನೋಡುವುದಕ್ಕೆ ಚಂದವಾಗಿಯೇ ಇತ್ತು. ಹೊಳೆ ಹರಿಯುತ್ತಿತ್ತು. ಕೂತು ಮೆಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ಚಟಚಟ ಸದ್ದು. ತಿರುಗಿ ನೋಡಿದರೆ, ಐಸ್‌ಕ್ರೀಮಿನ ಡಬ್ಬದಲ್ಲಿ ಉಳಿದಿದ್ದ ರೆಸಿನ್ ಹಳದಿಯಾಗಿ, ಗುಳ್ಳೆ ಎದ್ದು, ಹೊಗೆ ಬಿಡುತ್ತಿತ್ತು. ಒಲೆ ಇಲ್ಲ, ಬೆಂಕಿ ಇಲ್ಲ, ತನ್ನಷ್ಟಕ್ಕೆ ತಾನೇ ಕುದಿಯುತ್ತಿತ್ತು! ಡಬ್ಬ ಎತ್ತಿದೆ. ತಳ ಮೆತ್ತಗಾಗಿ ಕೈ ಚುರ್ ಎಂದಿತು. ಒದ್ದೆ ಗೋಣಿಯಲ್ಲಿ ಹಿಡಿದು ಹಿಂಬಾಗಿಲಿನಿಂದ ಓಡಿದೆ. ಹೆಂಡತಿ ಕಾಣಬಾರದೆಂದು ತೆಂಗಿನ ಮಡಲಿನ ರಾಶಿಯ ಅಡಿ ತುರುಕಿದೆ. ಕುದಿಯುವ ಡಬ್ಬವನ್ನು ಮಡಲಿನ ಅಡಿ! ಮಳೆಗೆ ಆ ರಾಶಿ ನೆಂದು ಮುದ್ದೆಯಾಗಿತ್ತು, ಅದಕ್ಕೇ ನಮ್ಮ ಮನೆ ಇನ್ನೂ ಇದೆ.

ಕೊಟ್ಟಿಗೆಗೆ ಮರಳಿ ಬಂದರೆ ಒಳಗೆಲ್ಲ ಹೊಗೆ, ಹೆಂಚಿನ ಸಂದಿಯಿಂದ ಮೇಲಕ್ಕೂ ಏಳುತ್ತಿತ್ತು. ಕಣ್ಣು ಕೆಂಪು, ಕೆಮ್ಮು ನಿಲ್ಲದು. ಬಾಗಿಲಲ್ಲಿ ಹೆಂಡತಿ.

"ಹೋಯ್! ಎಂತದು ಹೊಗೆ?"

ಇಲ್ಲೊಂದು ವಿಷಯ ಹೇಳಬೇಕು. ಕೊರೊನಾ ಬಂದು ಹೋದ ಮೇಲೆ ಅವಳ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಇಲ್ಲದಿದ್ದರೆ ಆ ಘಾಟು ಮೂಗಿಗೆ ಬಿದ್ದ ಯಾರೂ ಅದನ್ನು ಬೀಡಿ ಎನ್ನುತ್ತಿರಲಿಲ್ಲ. ಅವಳಿಗೆ ಕಂಡದ್ದು ಮುಚ್ಚಿದ ಕಿಟಕಿ, ಹೊಗೆ, ಕೆಮ್ಮುವ ಗಂಡ.

"ಬೀಡಿ ಸೇದಿದ್ರಾ?"

ನಾನು ಹಲಗೆಯ ಕಡೆ ನೋಡಿದೆ. ಮರಳಿ ಬಂದವನೇ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದಿದ್ದೆ. ಅದಕ್ಕೆ ಏನಾಗಿದೆಯೋ ನನಗೇ ಗೊತ್ತಿರಲಿಲ್ಲ. ಆ ಹಲಗೆಯನ್ನು ಹಾಳು ಮಾಡಿದೆ ಎನ್ನುವುದಕ್ಕಿಂತ ಬೀಡಿ ಸಣ್ಣದು ಎಂದು ಮನಸ್ಸು ಕ್ಷಣದಲ್ಲಿ ತೂಗಿ ಹೇಳಿತು.

"ಹೌದು," ಎಂದೆ. "ಒಂದು ಸೇದಿದೆ."

ಬೈದಿದ್ದರೆ ಬದುಕುತ್ತಿದ್ದೆ. ಅವಳು ತಿರುಗಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಂದ ಮೀನಿನ ಹೆಂಗಸಿಗೆ ಅಂಗಳದಿಂದಲೇ, "ನಂಗೆ ಬೇಡ ತಂಗಿ. ಇನ್ನು ಬರೂದೂ ಬೇಡ" ಎಂದಳು. ಆಗ ನನಗೆ ವಿಷಯ ಹೊಳೆಯಿತು. ನಾನು ಬೀಡಿ ಬಿಟ್ಟ ದಿನ ಅವಳು ದೇವರ ಮುಂದೆ ನಿಂತು, "ಇವರು ಮತ್ತೆ ಬೀಡಿ ಮುಟ್ಟಿದ್ರೆ ನಾ ಮೀನು ಮುಟ್ಟೂದಿಲ್ಲ" ಎಂದು ಹೇಳಿಕೊಂಡಿದ್ದಳು. ಇದು ನನಗೆ ನೆನಪೇ ಇರಲಿಲ್ಲ. ದೇವರಿಗೂ ಇರಲಿಕ್ಕಿಲ್ಲ. ಅವಳಿಗೆ ಇತ್ತು.

ನಮ್ಮ ಕಡೆ ಹೆಂಗಸು ಮೀನು ಬಿಡುವುದೆಂದರೆ ಏನೆಂದು ಹೊರಗಿನವರಿಗೆ ಹೇಗೆ ತಿಳಿಸಲಿ? ಅದೂ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ, ಬಂಗಡೆ ಹೊಳೆಯುತ್ತಾ ಬರುವ ಸಮಯ. ಅವಳು ಬಸಳೆ ಸೊಪ್ಪು, ಸೌತೆಕಾಯಿ, ಮತ್ತೆ ಬಸಳೆ ಸೊಪ್ಪು ಮಾಡಿದಳು. ಊಟಕ್ಕೆ ಕೂತು ಸಾರು ಕಲಸುವಾಗ ಅವಳ ಬೆರಳು ಅಭ್ಯಾಸದಿಂದ ಮುಳ್ಳು ಹುಡುಕುತ್ತಿತ್ತು, ನೋಡಲಾಗುತ್ತಿರಲಿಲ್ಲ. ಇದರ ಮೇಲೆ ನನ್ನ ಮೊಣಕೈವರೆಗೆ ಕೆಂಪು ದದ್ದು ಎದ್ದು ತುರಿಕೆ ಶುರುವಾಯಿತು. ಬೀಡಿಯ ನಂಜು ಎಂದುಕೊಂಡು ಅವಳೇ ಕೊಬ್ಬರಿ ಎಣ್ಣೆ ಹಚ್ಚಿದಳು. ಅಂಥ ಕೈ ಹಿಡಿದು ಎಣ್ಣೆ ಹಚ್ಚುವಾಗ ಸುಳ್ಳುಗಾರನಿಗೆ ಆಗುವ ಉರಿ ದದ್ದಿನ ಉರಿಗಿಂತ ಹೆಚ್ಚು.

ಇತ್ತ ಹಲಗೆ ಗಟ್ಟಿಯಾಗಲಿಲ್ಲ. ಮುಟ್ಟಿದರೆ ಹಲಸಿನ ಮೇಣದ ಹಾಗೆ ಅಂಟು. ಮರುದಿನವೂ ಅಂಟು. ಬಿಸಿಲು ಬಂದಾಗ ಹೊರಗಿಟ್ಟು ಕಾವಲು ಕೂತೆ. ತೂಕಡಿಕೆ ಬಂತು. ಎಚ್ಚರಾದಾಗ ಪಕ್ಕದ ಮನೆಯ ಹುಂಜ ಹಲಗೆಯ ನಡುವೆ ನಿಂತು ಕಾಲು ಕೀಳಲು ಒದ್ದಾಡುತ್ತಿತ್ತು. ಬಿಡಿಸಿದೆ. ಹುಂಜ ಹೋಯಿತು, ನಾಲ್ಕು ಗರಿಗಳು, ಒಂದು ಸಾಲು ಇರುವೆ, ಸ್ಪಷ್ಟವಾದ ಎರಡು ಹೆಜ್ಜೆ ನನ್ನ ಹೊಳೆಯಲ್ಲಿ ಉಳಿದವು.

ಅಂಗಡಿಯವನಿಗೆ ಫೋನು ಮಾಡಿದೆ.

"ಹಾರ್ಡನರ್ ಎಷ್ಟು ಹಾಕಿದ್ರಿ ಮಾಮಾ?"

"ನೀ ಹೇಳಿದ್ದಕ್ಕಿಂತ ಚೂರು ಜಾಸ್ತಿ."

"ಚೂರು ಅಂದ್ರೆ?"

"ಡಬ್ಬಿ ಖಾಲಿ ಆಯ್ತು."

ಅತ್ತ ಕಡೆ ಒಂದು ನಿಟ್ಟುಸಿರು. "ಅದು ಜನ್ಮದಲ್ಲಿ ಗಟ್ಟಿ ಆಗೂದಿಲ್ಲ."

"ದೋಣಿಯವರು ಹಾಕ್ತಾರಲ್ಲ?"

"ಅವರ ರೆಸಿನ್ನೇ ಬೇರೆ ಮಾಮಾ. ಅದಕ್ಕೆ ಹನಿ ಹಾಕೂದು ಅವಸರ ಮಾಡೂಕೆ. ಇದ್ರಲ್ಲಿ ಎರಡೂ ಸೇರಿ ಗಟ್ಟಿ ಆಗಬೇಕು. ಒಂದರ ಕೈ ಇನ್ನೊಂದು ಹಿಡಿಬೇಕು. ಜಾಸ್ತಿ ಹಾಕಿದ್ದು ಕೈ ಹಿಡಿಯೂಕೆ ಯಾರೂ ಸಿಗದೆ ಹಂಗೇ ತಿರುಗ್ತಾ ಇರ್ತದೆ, ಮೆತ್ತಗೆ."

"ಈಗ ಎಂತ ಮಾಡೂದು?"

"ಎಲ್ಲ ಕೆರೆದು ತೆಗಿರಿ. ಮರಕ್ಕೆ ಏನೂ ಆಗ್ಲಿಲ್ಲ. ಆಮೇಲೆ ತೂಕ ಮಾಡಿ ಹಾಕಿ. ಗ್ಲೌಸು ಅದೆಯಲ್ಲ?"

ಗ್ಲೌಸು ಮೆಣಸಿನಕಾಯಿಗೆ ಹೋದದ್ದನ್ನು ಹೇಳಲಿಲ್ಲ. ಮರಕ್ಕೆ ಏನೂ ಆಗಿಲ್ಲ ಎಂಬ ಮಾತು ಕೇಳಿ ಜೀವ ಬಂತು. ಆದರೆ ಬಿರುಕಿನ ಒಳಗಿನದನ್ನು ಕೆರೆಯಬೇಕಾದರೆ ಹಲಗೆ ಮಗುಚಿ ಓರೆಯಾಗಿ ಯಾರಾದರೂ ಹಿಡಿಯಬೇಕು. ಹಲಸು ಭಾರ, ನನ್ನ ಸೊಂಟ ಹಳೆಯದು. ಮನೆಯಲ್ಲಿ ಇರುವವಳು ಒಬ್ಬಳೇ.

ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಳ್ಳುತ್ತಿರುವಾಗ ಒಂದು ದಿನ ಮಧ್ಯಾಹ್ನ ಭಾವಮೈದುನ ಬಂದ. ಕೈಯಲ್ಲಿ ಚೀಲದ ತುಂಬ ಶೆಟ್ಲಿ. ಹೊರಗಿನವರು ಸೀಗಡಿ ಎನ್ನುತ್ತಾರಲ್ಲ, ಅದು. ಅಕ್ಕನಿಗೆ ಅದೆಂದರೆ ಪ್ರಾಣ.

"ಅಕ್ಕಾ, ದೊಡ್ಡ ಶೆಟ್ಲಿ ಸಿಕ್ತು. ಸುಕ್ಕಾ ಮಾಡು, ನಾನೂ ಇಲ್ಲೇ ಉಣ್ತೆ. ಭಾವಾ, ಮಣೆ ಎಲ್ಲಿಗೆ ಬಂತು? ಹುಡುಗಿ ದಿನಾ ಕೇಳ್ತದೆ."

"ಒಣಗ್ತಾ ಅದೆ," ಎಂದೆ.

ಹೆಂಡತಿ ಚೀಲ ಮುಟ್ಟಲಿಲ್ಲ. "ನಂಗೆ ಬೇಡ ತಮ್ಮಾ. ನೀನೇ ತಕಂಡು ಹೋಗು. ನಾ ಮೀನು ಬಿಟ್ಟೆ."

ಅವನು ಬಾಯಿ ತೆರೆದು ನಿಂತ. "ನೀ ಮೀನು ಬಿಡೂದು? ಹುಷಾರಿಲ್ವನೇ?"

"ಹುಷಾರಿಗೆ ಎಂತದೂ ಆಗ್ಲಿಲ್ಲ. ಒಂದು ವ್ರತ ಹಿಡಿದೆ, ಹುಡುಗಿ ಮದುವೆ ಸುಸೂತ್ರ ಆಗ್ಲಿ ಹೇಳಿ."

ಅವಳು ನನ್ನ ಮುಖ ಸಹ ನೋಡಲಿಲ್ಲ. ತಮ್ಮನ ಎದುರು ಗಂಡನ ಮರ್ಯಾದೆ ಹೋಗಬಾರದೆಂದು ದೇವರ ಹೆಸರಿನಲ್ಲಿ ಸುಳ್ಳು ಹೇಳಿದಳು. ನನ್ನ ಸುಳ್ಳಿಗೆ ಅವಳೂ ಒಂದು ಸೇರಿಸಿದಳು. ಭಾವಮೈದುನನ ಕಣ್ಣಲ್ಲಿ ನೀರು ಬಂತು. "ನನ್ನ ಮಗಳಿಗಾಗಿ ಮೀನು ಬಿಟ್ಟೆಯಲ್ಲೇ ಅಕ್ಕಾ!" ಎಂದು ಕಾಲು ಮುಟ್ಟಲು ಬಗ್ಗಿದ.

ಅದು ನನ್ನಿಂದ ತಡೆಯಲಾಗಲಿಲ್ಲ.

"ಏಳೋ," ಎಂದೆ. "ವ್ರತ ಇಲ್ಲ, ಎಂತದೂ ಇಲ್ಲ. ನಾ ಬೀಡಿ ಸೇದಿದೆ ಹೇಳಿ ಮೀನು ಬಿಟ್ಟದ್ದು."

"ಬೀಡಿ ಸೇದಿದ್ರಾ ಭಾವಾ?"

"ಸೇದ್ಲಿಲ್ಲ."

ಇಬ್ಬರೂ ನನ್ನನ್ನೇ ನೋಡಿದರು. ತಲೆ ಕೆಟ್ಟಿದೆಯೋ ಎನ್ನುವ ನೋಟ. ನಾನು ಎಲ್ಲ ಹೇಳಿದೆ. ಮುಚ್ಚಿದ ಕಿಟಕಿ, ಖಾಲಿಯಾದ ಡಬ್ಬಿ, ಕುದಿದ ಐಸ್‌ಕ್ರೀಮ್ ಡಬ್ಬ, ಮಡಲಿನ ರಾಶಿ, ಹುಂಜ.

ಹೆಂಡತಿ ಎದ್ದು ನೇರ ಕೊಟ್ಟಿಗೆಗೆ ಹೋದಳು. ಪ್ಲಾಸ್ಟಿಕ್ ಹಾಳೆ ಎಳೆದಳು. ತನ್ನ ತವರಿನ ಬಾಗಿಲನ್ನು, ಅದರ ಮೇಲಿನ ಗರಿಗಳನ್ನು, ಇರುವೆಯ ಸಾಲನ್ನು ನೋಡಿದಳು. ತೋರುಬೆರಳಿಟ್ಟು ಒತ್ತಿದಳು. ಬೆರಳು ಅಂಟಿತು. ಪಟ್ ಎಂದು ಕಿತ್ತುಕೊಂಡಳು.

"ಇದಕ್ಕಿಂತ ಬೀಡಿನೇ ಸೇದ್ಬಹುದಿತ್ತಲ್ರೀ!"

ಭಾವಮೈದುನ ಗೋಡೆಗೆ ಒರಗಿ ನಗತೊಡಗಿದ. "ಇದರ ಮೇಲೆ ಮಗಳು ರೇಷ್ಮೆ ಸೀರೆ ಉಟ್ಕಂಡು ಕೂತಿದ್ರೆ ಎಂತಾಗ್ತಿತ್ತು ಭಾವಾ? ಮಣೆ ಸಮೇತ ಗಂಡನ ಮನೆಗೆ ಹೊತ್ಕಂಡು ಹೋಗ್ಬೇಕಿತ್ತು!"

"ನೀ ಸುಮ್ನಿರು," ಎಂದು ಅವಳು ಗದರಿದಳು. ನನ್ನ ಕಡೆ ತಿರುಗಿ, "ಇದು ಸರಿ ಆಗ್ತದಾ ಇಲ್ವಾ? ಅಷ್ಟು ಹೇಳಿ" ಎಂದಳು. ನಗು ನಿಂತಿತು. ಅವಳು ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಆಗ್ತದೆ. ಮರಕ್ಕೆ ಏನೂ ಆಗ್ಲಿಲ್ಲ. ಒಬ್ಬರು ಹಿಡಿಬೇಕು."

ಆ ಸಂಜೆಯಿಂದ ಮೂವರೂ ಕೆಲಸಕ್ಕೆ ನಿಂತೆವು. ಭಾವಮೈದುನ ಕಾರವಾರಕ್ಕೆ ಹೋಗಿ ರೆಸಿನ್ನಿನ ಹೊಸ ಡಬ್ಬಿಗಳನ್ನೂ ಕಪ್ಪೆ ಮಾಸ್ಕುಗಳನ್ನೂ ಹೊಸ ಗ್ಲೌಸುಗಳನ್ನೂ ತಂದ. ಕಿಟಕಿ ಬಾಗಿಲು ಎಲ್ಲ ತೆರೆದೆವು. ಅವರಿಬ್ಬರು ಹಲಗೆ ಹಿಡಿದರು, ನಾನು ಉಳಿಯಿಂದ ಇಂಚಿಂಚಾಗಿ ಮೆತ್ತನೆಯದನ್ನು ಕೆರೆದೆ. ಪಾಲಿಶ್ ಪೇಪರ್ ಉಜ್ಜುವಾಗ ಏಳುವ ಪುಡಿಯೂ ಉಸಿರಿಗೆ ಹೋಗಬಾರದೆಂದು ಅಂಗಡಿಯವನು ಹೇಳಿ ಕಳಿಸಿದ್ದ. ಹೆಂಡತಿ ಮಾಸ್ಕು ಹಾಕಿಕೊಂಡು, ಸೆರಗು ಸಿಕ್ಕಿಸಿ ನಿಂತದ್ದನ್ನು ಕಂಡ ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ಮರಳಿ ಹೋದರು.

ಹೊಸ ರೆಸಿನ್ ಹಾಕುವ ದಿನ ಅವಳು ಅಡುಗೆಮನೆಯ ತಕ್ಕಡಿ ತಂದಿಟ್ಟು, ಕನ್ನಡಕ ಏರಿಸಿ, ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದಳು. ನಾನು ಓದಿದಂತೆ ತೂಗಿದಳು. ಅಗಲವಾದ ತಟ್ಟೆಯಲ್ಲಿ, ಒಂದು ಸಲಕ್ಕೆ ಬೇಕಾದಷ್ಟೇ. ನನ್ನ ಕೈ ಹಾರ್ಡನರ್ ಕಡೆ ತಾನಾಗಿ ಚಾಚಿತು.

"ಕೈ!"

ಹಿಂದೆ ತೆಗೆದೆ.

ನಿಧಾನವಾಗಿ, ಅಂಚು ತಳ ಎಲ್ಲ ಕೆರೆಯುತ್ತಾ ಕಲಸಿ, ತೆಳ್ಳಗೆ ಒಂದು ಪದರ ಹಾಕಿದೆವು. ಅದು ಹಿಡಿದ ಮೇಲೆ ಇನ್ನೊಂದು. ಈ ಸಲ ಹೊಗೆ ಬರಲಿಲ್ಲ, ಗುಳ್ಳೆ ಏಳಲಿಲ್ಲ. ದಿನ ಕಳೆದು ಉಗುರಿನಿಂದ ಒತ್ತಿದರೆ ಗುರುತು ಸಹ ಬೀಳಲಿಲ್ಲ. ಉಜ್ಜಿ ಎಣ್ಣೆ ಕೊಟ್ಟಾಗ ಹಳದಿ ಹಲಸಿನ ನಡುವೆ ಸಣ್ಣ ಹೊಳೆ ಬಿಸಿಲಿಗೆ ಮಿನುಗಿತು. ಹೆಂಡತಿ ನೋಡಿದಳು. ಚಂದ ಎನ್ನಲಿಲ್ಲ, ಅಂಗೈಯಿಂದ ಒಮ್ಮೆ ಸವರಿದಳು ಅಷ್ಟೆ.

ಬೀಡಿ ಸೇದಿಲ್ಲವಾದ್ದರಿಂದ ಅವಳು ದೇವರಿಗೆ ಹೇಳಿದ್ದು ಮುರಿದಂತಾಗಲಿಲ್ಲ. ಅವಳಿಗೆ ಮೀನು ಮರಳಿ ಬಂತು. ನನಗೆ ಬರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಮದುವೆ ಮುಗಿಯುವವರೆಗೆ ಬಸಳೆ ಸೊಪ್ಪು ಎಂದು ಅವಳೇ ತೀರ್ಮಾನ ಕೊಟ್ಟಳು. ಮೇಲ್ಮನವಿಗೆ ಜಾಗವಿರಲಿಲ್ಲ.

ಮಣೆಯನ್ನು ಶೆಟಗೇರಿಗೆ ಕಳಿಸುವ ಹಿಂದಿನ ಮಧ್ಯಾಹ್ನ ಅವಳು ಅದನ್ನು ಅಂಗಳದ ಬಿಸಿಲಿನಲ್ಲಿ ಇಟ್ಟು, ಮದುವೆ ಮುಂಜಿಗೆಂದು ಎತ್ತಿಟ್ಟ ನನ್ನ ಬಿಳಿ ಪಂಚೆ ತಂದು ಕೊಟ್ಟಳು.

"ಉಟ್ಕಂಡು ಕೂತ್ಕಳ್ಳಿ."

"ಎಂತಕ್ಕೆ?"

"ಹುಡುಗಿ ಸೀರೆ ಅಂಟೂದಿಲ್ಲ ಹೇಳಿ ನಂಗೆ ಖಾತ್ರಿ ಆಗ್ಬೇಕು. ನಿಮ್ಮ ಮಾತು ನಂಬಿ ಆಯ್ತು."

"ಎಷ್ಟು ಹೊತ್ತು?"

"ಮದುವೆಲಿ ಎಷ್ಟು ಹೊತ್ತು ಕೂರ್ತಾರೆ? ಅಷ್ಟು."

ನಮ್ಮ ಕಡೆಯ ಭಟ್ಟರು ಮಂತ್ರ ಗಡಿಬಿಡಿ ಮಾಡುವವರಲ್ಲ. ನಾನು ಪಂಚೆ ಉಟ್ಟು ಪೂರ್ವಕ್ಕೆ ಮುಖ ಮಾಡಿ ಕೂತೆ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಒಳಗೆ ಬಾಣಲೆಯಲ್ಲಿ ಬಂಗಡೆ ಹುರಿಯುವ ಸದ್ದು, ಪರಿಮಳ. ಅವಳಿಗೆ ಆ ಪರಿಮಳ ತಿಳಿಯುವುದಿಲ್ಲ, ನನಗೆ ಪೂರ್ತಿ ತಿಳಿಯುತ್ತದೆ. ಫೋನು ಬಡಿದುಕೊಂಡಿತು. ಅವಳು ಹೆಬ್ಬಾಗಿಲಲ್ಲಿ ನಿಂತು, ನನ್ನ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿದಳು.

"ಹೌದು ತಮ್ಮಾ, ಮಣೆ ಚಲೋ ಆಯ್ತು. ನಾಳೆ ಬೆಳಿಗ್ಗೆ ಬಾ. ಭಾವನತ್ರ ಈಗ ಮಾತಾಡೂಕಾಗೂದಿಲ್ಲ, ಅವರು ಹಸೆಮಣೆ ಏರಿದ್ದಾರೆ. ಹ್ಞಾಂ? ಇಲ್ಲ, ಇನ್ನೂ ಅಂಟ್ಲಿಲ್ಲ."